ಮೂರು ಮಿಲಿಮೀಟರ್ ಹಟ

ಒರಟು ನೆಲದಲ್ಲಿ ಓಡಿಸಲೆಂದು ನಾನೂ ಗೆಳೆಯನೂ ಕಟ್ಟಲು ಹೊರಟ ಬಗ್ಗಿ ಗಾಡಿಯ ಎಂಜಿನ್, ಸಸ್ಪೆನ್ಷನ್, ಸೀಟು ಎಲ್ಲವೂ ತಕರಾರಿಲ್ಲದೆ ಗೊತ್ತಾಗಿದ್ದವು. ಜಗಳ ಹತ್ತಿದ್ದು ಚೌಕಟ್ಟಿನ ಕೊಳವೆ ಆರಿಸಲು ಕುಳಿತ ದಿನ. ವೆಲ್ಡಿಂಗ್‌ನಲ್ಲಿ ಪಳಗಿದ ಗೆಳೆಯನದು ಒಂದೇ ಪಟ್ಟು: ಕೊಳವೆಯ ಗೋಡೆ ಮೂರು ಮಿಲಿಮೀಟರ್ ದಪ್ಪ ಇರಲೇಬೇಕು, ಮಿಕ್ಕದ್ದು ಏನಾದರೂ ಆಗಲಿ.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ನೀರಿನ ಪೈಪುಗಳ ವಿಚಾರ ಮಾತ್ರ ಬೇಗ ಮುಗಿಯಿತು. ನೀರಿನ ಪೈಪು ಸೋರದಿರಲೆಂದು ಮಾಡಿದ್ದು, ಗಾಡಿ ಮಗುಚಿದಾಗ ತಲೆ ಕಾಯಲೆಂದಲ್ಲ. ಮೇಲಿನ ಸತುವಿನ ಲೇಪ ಬೆಸುಗೆಯಲ್ಲಿ ಸುಟ್ಟರೆ ಏಳುವ ಹೊಗೆ ಜ್ವರ ತರಿಸುತ್ತದೆ. ಇದನ್ನು ಅವನಿಗೆ ಹೇಳಬೇಕಾಗಿರಲಿಲ್ಲ.

ವಾದ ಗಟ್ಟಿಯಾಗಲು ಅವನು ವಿದ್ಯಾರ್ಥಿಗಳು ಇಂಥದೇ ಗಾಡಿ ಕಟ್ಟಿ ಓಡಿಸುವ ಬಾಹಾ ಎಸ್‌ಎಇ ಸ್ಪರ್ಧೆಯ ನಿಯಮವನ್ನು ಮುಂದಿಟ್ಟ. ಅಲ್ಲಿ ಮುಖ್ಯ ಕೊಳವೆಗಳಿಗೆ ಅಳತೆಗೋಲು 25.4 ಮಿ.ಮೀ. ಹೊರವ್ಯಾಸ, 3 ಮಿ.ಮೀ. ಗೋಡೆ, ಉಕ್ಕಿನಲ್ಲಿ ಕನಿಷ್ಠ 0.18 ಶೇಕಡಾ ಇಂಗಾಲ. ಸರಿ, ಆದರೆ ಬಾಗುವಿಕೆಯ ಬಿಗಿತ (ಬಳುಕದಿರುವ ಗುಣ) ಮತ್ತು ಬಲ (ಕಾಯಂ ಸೊಟ್ಟಗಾಗದೆ ತಾಳುವ ಗುಣ) ಎರಡರಲ್ಲೂ ಸರಿಗಟ್ಟುವ ಬೇರೆ ಅಳತೆಯನ್ನೂ ಅದೇ ನಿಯಮ ಒಪ್ಪುತ್ತದೆ. ನಾನು ಕಾಗದ ತೆಗೆದೆ.

ಕೊಳವೆಯ ಬಿಗಿತ ಹೊರವ್ಯಾಸ, ಒಳವ್ಯಾಸಗಳ ನಾಲ್ಕನೇ ಘಾತಗಳ ವ್ಯತ್ಯಾಸದೊಂದಿಗೆ ಏರುತ್ತದೆ. 32 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆಯ ಕೊಳವೆಯನ್ನು ಅದೇ ಉಕ್ಕಿನಲ್ಲಿ ಲೆಕ್ಕ ಹಾಕಿದರೆ ಬಿಗಿತ ಸುಮಾರು 58 ಶೇಕಡಾ, ಬಲ ಸುಮಾರು 25 ಶೇಕಡಾ ಹೆಚ್ಚು ಬಂತು. ತೂಕ ಮಾತ್ರ ಮೀಟರಿಗೆ 1.66 ಕಿಲೋದಿಂದ 1.48ಕ್ಕೆ ಇಳಿಯಿತು. ಅವನು ಅಂಕಿಗಳನ್ನು ನೋಡಿ, ಲೆಕ್ಕ ಮತ್ತೆ ಮಾಡು ಎಂದ. ಮಾಡಿದೆ, ಅದೇ ಬಂತು.

ಹಾಗಾದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು ಕ್ರೋಮೋಲಿ 4130 ತೆಳ್ಳಗೆ ತರೋಣ ಎಂದು ಮತ್ತೊಂದು ಮಾತು ಎತ್ತಿದ. ಅದರ ಬಲ ಹೆಚ್ಚು, ನಿಜ. ಬಿಗಿತ? ಲೋಹ ಎಷ್ಟು ಬಿಗಿ ಎಂದು ಹೇಳುವ ಸ್ಥಿತಿಸ್ಥಾಪಕತ್ವದ ಗುಣಾಂಕ ಎಲ್ಲ ಉಕ್ಕಿಗೂ ಸುಮಾರು 205 ಗಿಗಾಪಾಸ್ಕಲ್. ಅಷ್ಟೇ ಅಳತೆಯ ಸಾದಾ ಉಕ್ಕು ಎಷ್ಟು ಬಳುಕುತ್ತದೋ ಕ್ರೋಮೋಲಿಯೂ ಅಷ್ಟೇ ಬಳುಕುತ್ತದೆ. ಮೇಲಾಗಿ ಕ್ರೋಮೋಲಿಗೆ ಸೂಕ್ತ ಬೆಸುಗೆ ಕಡ್ಡಿ, ಹದವಾದ ಶಾಖ, ನಿಧಾನದ ತಣಿಸುವಿಕೆ ಬೇಕು. ಹೆಸರಿನ ಮೋಹಕ್ಕೆ ಅದನ್ನು ತರುವವರೇ ಹೆಚ್ಚು ಎಂಬುದು ನನ್ನ ಗುಮಾನಿ.

ಉಳಿದದ್ದು ತಯಾರಿಕೆಯ ಬಗೆ. ಇಆರ್‌ಡಬ್ಲ್ಯು ಕೊಳವೆಯೆಂದರೆ ಉಕ್ಕಿನ ಪಟ್ಟಿಯನ್ನು ಸುತ್ತಿ, ಅಂಚುಗಳನ್ನು ವಿದ್ಯುತ್ತಿನಿಂದ ಬೆಸೆದದ್ದು. ಅದನ್ನೇ ಒಳಗೊಂದು ಅಚ್ಚಿಟ್ಟು ತಣ್ಣಗೆ ಎಳೆದರೆ ಡಿಒಎಂ. ಅಳತೆ ಕರಾರುವಾಕ್ಕು, ಬಲವೂ ಹೆಚ್ಚು. ತಲೆಯ ಮೇಲಿನ ಕಮಾನಿಗೆ ಡಿಒಎಂ ಎಂದು ಇಬ್ಬರೂ ಒಪ್ಪಿದೆವು. ನೆಲದ ಅಡ್ಡಕೊಳವೆಗಳಿಗೆ ಇಆರ್‌ಡಬ್ಲ್ಯು ಸಾಕು. ಬಾಗಿಸುವಾಗ ಬೆಸುಗೆಯ ಗೆರೆ ಹೊರಬದಿಗೂ ಒಳಬದಿಗೂ ಬರದೆ ಪಕ್ಕಕ್ಕೆ ಬರಬೇಕು, ಅಲ್ಲಿ ಎಳೆತವೂ ಒತ್ತಡವೂ ಕಡಿಮೆ.

ಗೆಳೆಯನ ಹಟಕ್ಕೂ ಒಂದು ಜಾಗ ಸಿಕ್ಕಿತು. ಸಸ್ಪೆನ್ಷನ್ ತೋಳುಗಳ ಬ್ರಾಕೆಟ್ ಕೂರುವಲ್ಲಿ ಹೊಡೆತವೆಲ್ಲ ಒಂದೇ ಚುಕ್ಕೆಗೆ ಬೀಳುವುದರಿಂದ ತೆಳು ಗೋಡೆ ಹರಿಯಬಹುದು. ಆ ತುಂಡುಗಳು ಮೂರು ಮಿಲಿಮೀಟರ್ ಗೋಡೆಯವು, ಮೇಲೆ ತ್ರಿಕೋನ ತಗಡಿನ ಆಸರೆ. ಪಟ್ಟಿಯಲ್ಲಿ ಆ ಸಾಲನ್ನು ಅವನೇ ಬರೆದ, ಅಡಿಗೆರೆ ಎಳೆದು.