ರಾಗಿ ಕಣದಲ್ಲಿ ಚಳಿಗಾಲದ ಒಲಿಂಪಿಕ್ಸ್

ನನ್ನ ಷಡ್ಡಕನ ಹೊಲದಲ್ಲಿ ಐದು ಟೆಂಟುಗಳಿವೆ. ಚಿಕ್ಕಬಳ್ಳಾಪುರದಿಂದ ಕಳವಾರದ ಕಡೆ ಹೋಗುವಾಗ ಒಂದು ಮಣ್ಣಿನ ದಾರಿ ಒಳಗೆ ತಿರುಗುತ್ತದೆ. ಆ ದಾರಿಯ ಒಂದು ಪಕ್ಕ ದ್ರಾಕ್ಷಿ ಚಪ್ಪರ, ಇನ್ನೊಂದು ಪಕ್ಕ ರಾಗಿ ಕೊಯ್ದು ಖಾಲಿಯಾದ ಹೊಲ. ಸ್ಕಂದಗಿರಿ ಹತ್ತಿ ಸೂರ್ಯೋದಯ ನೋಡಬೇಕು ಅನ್ನುವವರು ಹಿಂದಿನ ರಾತ್ರಿ ಬಂದು ಇಲ್ಲಿ ಮಲಗುತ್ತಾರೆ. ಷಡ್ಡಕನ ತಾಯಿಗೆ ಈ ವ್ಯಾಪಾರ ಇವತ್ತಿಗೂ ತಲೆಗೆ ಹತ್ತಿಲ್ಲ. "ಚೆನ್ನಾಗಿರೋ ಮನೆ ಬಿಟ್ಟು ಬಟ್ಟೆ ಗೂಡಲ್ಲಿ ಮಲಗೋಕೆ ದುಡ್ಡು ಬೇರೆ ಕೊಡ್ತಾರಲ್ಲಪ್ಪಾ!" ಅನ್ನುತ್ತಾರೆ.

ಕ್ರಿಸ್‌ಮಸ್ ರಜೆಗೆ ನಾವು ಹೋಗಿದ್ದೆವು. ಬೆಂಗಳೂರಿಂದ 60 ಕಿಲೋಮೀಟರ್ ಅಷ್ಟೇ. ಆದರೆ ಆವತ್ತು ಅರ್ಧ ಊರೇ ನಂದಿ ಬೆಟ್ಟಕ್ಕೆ ಹೊರಟಿತ್ತು ಅನ್ಸುತ್ತೆ. ದಾರಿಯ ಕಥೆ ಬೇಡ ಬಿಡಿ.

ಸಂಜೆ ಬೆಂಕಿ ಹಾಕಿಕೊಂಡು ಕೂತಾಗ ಶುರುವಾಗಿದ್ದು ಇದೆಲ್ಲ. ನನ್ನ ಮಗ ಮೊಬೈಲಿನಲ್ಲಿ ಚಳಿಗಾಲದ ಒಲಿಂಪಿಕ್ಸಿನ ಹಳೇ ವಿಡಿಯೊ ನೋಡಿಕೊಂಡು ಬಂದಿದ್ದ. "ನಮ್ಮಲ್ಲಿ ಹಿಮಾನೇ ಬೀಳಲ್ಲ, ಏನು ಚಳಿಗಾಲ ಇದು" ಅಂತ ಮುಖ ಊದಿಸಿಕೊಂಡ. ನಾನು ಶಿವ ಕೇಶವನ್ ಕಥೆ ಹೇಳಿದೆ. ಹಿಮಾಚಲದ ಹುಡುಗ. ಮಂಜುಗಡ್ಡೆಯ ಕಾಲುವೆಯಲ್ಲಿ ಅಂಗಾತ ಮಲಗಿ ಜಾರುವ ಲೂಜ್ ಆಟದಲ್ಲಿ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದವರು. ಅಭ್ಯಾಸಕ್ಕೆ ನಮ್ಮಲ್ಲಿ ಅಂಥ ಕಾಲುವೆ ಇರಲಿಲ್ಲ. ಜಾರುಬಂಡಿಗೆ ಚಕ್ರ ಹಾಕಿಕೊಂಡು ಬೆಟ್ಟದ ಡಾಂಬರು ರಸ್ತೆಯಲ್ಲೇ, ಗಾಡಿಗಳ ಮಧ್ಯೆ ಜಾರುತ್ತಿದ್ದರು.

ಷಡ್ಡಕನ ಮಗಳು ಸುಮ್ಮನೆ ಕೇಳಿಸಿಕೊಂಡಳು. ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು ತಂದಳು. "ದೊಡ್ಡಪ್ಪಾ, ಹಿಮ ಇಲ್ಲದ ಒಲಿಂಪಿಕ್ಸ್ ಮಾಡೋಣ. ನೀವು ಹೇಳಿ, ನಾನು ಬರೀತೀನಿ."

ಹೊಗೆಗೆ ಕಣ್ಣುಜ್ಜಿಕೊಂಡು ರಾತ್ರಿ ಹತ್ತರವರೆಗೂ ಕಲ್ಪಿಸಿದ್ದೇ ಕಲ್ಪಿಸಿದ್ದು. ಆನೆ ಬಂದರೆ ಏನು ಮಾಡೋದು ಅನ್ನುವ ನಿಯಮವೂ ಸೇರಿತು. ಇಲ್ಲಿ ಆನೆ ಎಲ್ಲಿಂದ ಬರಬೇಕು! ಸ್ಕೀ ಬದಲು ತೆಂಗಿನ ಗರಿ: ಒಬ್ಬರು ಕೂರೋದು, ಇಬ್ಬರು ಎಳೆಯೋದು. ಹಿಮದುಂಡೆ ಎಸೆದಾಟಕ್ಕೆ ಏನು ಅಂತ ಯೋಚಿಸುವಾಗ ಷಡ್ಡಕ ಕತ್ತಲಲ್ಲಿ ಪಕ್ಕದ ಹೊಲದ ಕಡೆ ಕೈ ತೋರಿಸಿದ. ಚೆಂಡುಹೂ. ಧನುರ್ಮಾಸ, ಮದುವೆಗಳಿಲ್ಲ. ಬೆಲೆ ಬಿದ್ದು, ಕಿತ್ತ ಕೂಲಿಯೂ ಹುಟ್ಟಲ್ಲ ಅಂತ ಗಿಡದಲ್ಲೇ ಬಿಟ್ಟಿದ್ದಾರೆ. "ಎಷ್ಟು ಬೇಕಾದರೂ ಕಿತ್ಕೊಳ್ಳಿ, ಬೆಳೆದೋನೇ ಹೇಳಿದಾನೆ" ಅಂದ. ಹೆಸರಲ್ಲೇ ಚೆಂಡು ಇರೋದು ನಮಗೆ ಹೊಳೆದಿದ್ದು ಆಗಲೇ.

ಕರ್ಲಿಂಗ್ ಅಂತ ಒಂದು ಆಟವಿದೆ. ಹತ್ತಿರ ಹತ್ತಿರ 20 ಕಿಲೋ ತೂಗುವ ಗುಂಡನೆಯ ಗ್ರಾನೈಟ್ ಕಲ್ಲು, ಮೇಲೊಂದು ಹಿಡಿ. ಅದನ್ನು ಮಂಜುಗಡ್ಡೆ ಮೇಲೆ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸಬೇಕು. ಮುಂದೆ ಇಬ್ಬರು ಪೊರಕೆ ಹಿಡಿದು ಗುಡಿಸುತ್ತಾ ಓಡುತ್ತಾರೆ. ಉಜ್ಜಿದ ಬಿಸಿಗೆ ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ಒಲಿಂಪಿಕ್ಸಿನ ಕಲ್ಲುಗಳು ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಅನ್ನುವ ಪುಟ್ಟ ದ್ವೀಪದಿಂದ ಬರುತ್ತವೆ. ಹುಡುಗಿ ವಿಡಿಯೊ ನೋಡಿದವಳೇ "ಅಯ್ಯೋ, ಇದು ನಮ್ಮ ರಾಗಿಕಲ್ಲು!" ಅಂದಳು. ನಿಜವೇ. ಬೀಸೋ ಕಲ್ಲಿನ ಮೇಲಿನ ಭಾಗ, ಗೂಟ ಸಮೇತ, ಥೇಟ್ ಹಾಗೇ ಇದೆ. ಕಲ್ಲಿಗೇನು ಬರ, ಊರ ಸುತ್ತ ಇರೋದೇ ಬಂಡೆ.

ಅಜ್ಜಿ ಮಾತ್ರ ಒಪ್ಪಲಿಲ್ಲ. "ಅರಿಶಿನ ಕುಂಕುಮ ಇಟ್ಟ ಕಲ್ಲು ಅದು. ಅದನ್ನ ಕಣದಲ್ಲಿ ಉರುಳಾಡಿಸ್ತೀರಾ? ಕೈ ಮುರೀತೀನಿ." ಆ ವಿಷಯ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಆರಕ್ಕೆ ಟೆಂಟಿನ ಜಿಪ್ ಎಳೆದರೆ ಹೊರಗೆ ಏನೂ ಇಲ್ಲ. ಬೆಟ್ಟ ಇಲ್ಲ, ಚಪ್ಪರ ಇಲ್ಲ, ನಾನು ಬಿಟ್ಟ ಚಪ್ಪಲಿಯೂ ಕಾಣಿಸುತ್ತಿಲ್ಲ. ಮೊಬೈಲ್ 13 ಡಿಗ್ರಿ ಅಂತ ತೋರಿಸಿತು. ರಾತ್ರಿ ಮೋಡ ಇಲ್ಲದಿದ್ದರೆ ನೆಲ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತಣ್ಣಗಾದ ಗಾಳಿ ಭಾರ ಜಾಸ್ತಿಯಾಗಿ ಇಳಿಜಾರಿನಲ್ಲಿ ಕೆಳಗೆ ಬರುತ್ತದೆ. ಕೆಳಗೆ ಕೆರೆಯ ತೇವ ಬೇರೆ. ಅದಕ್ಕೇ ಬೆಟ್ಟದ ಬುಡದ ಹೊಲಗಳಲ್ಲಿ ಮಂಜು ಇಷ್ಟು ದಪ್ಪ. ಆ ಹೊತ್ತಿಗೆ ಸ್ಕಂದಗಿರಿ ಮೇಲೆ ನಿಂತವರು ಮೋಡದ ಸಮುದ್ರ ಅಂತ ಫೋಟೊ ತೆಗೀತಿದ್ದರು. ಆ ಸಮುದ್ರದ ತಳದಲ್ಲಿ ನಾವಿದ್ದೆವು, ಕಾಫಿ ಲೋಟ ಹಿಡಿದುಕೊಂಡು.

ಮೊದಲ ಆಟ ಕಣ್ಣಾಮುಚ್ಚಾಲೆ. ಕಣ್ಣು ಮುಚ್ಚುವ ಅಗತ್ಯವೇ ಇರಲಿಲ್ಲ, ಹತ್ತು ಹೆಜ್ಜೆ ಹೋದರೆ ಮನುಷ್ಯ ಮಾಯ. ಒಂದೇ ಷರತ್ತು: ಬದು ದಾಟಬಾರದು. ಆಚೆಗೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ. ಅದಕ್ಕೆ ಬೇಲಿ ಇದೆ, ಆದರೂ ಷಡ್ಡಕ ಬದುವಿನ ಮೇಲೇ ಕಾವಲು ನಿಂತ. ಅಷ್ಟರಲ್ಲಿ ನಾನು ಹನಿ ನೀರಾವರಿ ಪೈಪಿಗೆ ಕಾಲು ಸಿಕ್ಕಿಸಿಕೊಂಡು ದಪ್ಪನೆ ಬಿದ್ದೆ. ಸದ್ದು ಕೇಳಿದ ಮಗ ಎಲ್ಲಿಂದಲೋ "ಅಪ್ಪ ಔಟ್!" ಅಂತ ಕೂಗಿದ.

ಕಣದ ಮೇಲೆ ನೀಲಿ ಟಾರ್ಪಾಲಿನ್ ಹಾಸಿಯೇ ಇತ್ತು. ಈಗ ಸುಮಾರು ಜನ ರಾಗಿ ತೆನೆಯನ್ನು ಡಾಂಬರು ರಸ್ತೆಗೇ ಹರಡಿಬಿಡುತ್ತಾರೆ, ಗಾಡಿಗಳು ತುಳಿದುಕೊಂಡು ಹೋಗಲಿ ಅಂತ. ಅಜ್ಜಿ ಅದಕ್ಕೆ ಬಿಡಲ್ಲ. ಇವರ ರಾಗಿ ಕಣದಲ್ಲೇ ಆಗಬೇಕು, ಬಳಿಕ ಟಾರ್ಪಾಲಿನ್ ಮೇಲೆ ಒಣಗಬೇಕು. ರಾಗಿ ಮನೆ ಸೇರಿತ್ತು, ಟಾರ್ಪಾಲಿನ್ ಉಳಿದಿತ್ತು. ಅದರ ಮೇಲೆಲ್ಲ ಇಬ್ಬನಿ, ಸಾಸಿವೆಯಿಂದ ಬಟಾಣಿವರೆಗೆ ಎಲ್ಲ ಗಾತ್ರದ ಹನಿ. ಹುಡುಗಿ ಬೆರಳಿಂದ ಮುಟ್ಟಿದಳು. ಒಂದು ಹನಿ ಪಕ್ಕದ್ದನ್ನು ಸೇರಿ, ಅದು ಇನ್ನೊಂದನ್ನು ಸೇರಿ, ಗೆರೆಯಾಗಿ ಮಡಿಕೆಯೊಳಗೆ ಸರ್ರನೆ ಹರಿಯಿತು. "ಜಾರುತ್ತೆ!" ಅಂದಳು.

ರಾಗಿಕಲ್ಲಿನ ಬದಲು ಗಾರೆ ಕೆಲಸದ ಬಾಂಡ್ಲಿ, ಅದರೊಳಗೆ ಕುಂಬಳಕಾಯಿ. ಸೀಮೆಸುಣ್ಣದಲ್ಲಿ ವೃತ್ತ ಬರೆಯಲು ಹೋದರೆ ತೇವಕ್ಕೆ ನಿಲ್ಲಲಿಲ್ಲ, ಚೆಂಡುಹೂವಿನಲ್ಲೇ ಜೋಡಿಸಿದೆವು. ನನ್ನ ಹೆಂಡತಿ ಮತ್ತು ಅವಳ ತಂಗಿ ತೆಂಗಿನ ಕಡ್ಡಿ ಪೊರಕೆ ಹಿಡಿದು ಮುಂದೆ ಮುಂದೆ ಗುಡಿಸಿದರು. ಇದರಿಂದ ಏನು ಉಪಯೋಗವಾಯಿತೋ ಗೊತ್ತಿಲ್ಲ, ಬರೀ ಇಬ್ಬನಿ ಹೋಗಿ ಜಾರೋದು ಕಮ್ಮಿಯಾಯಿತು ಅಂತ ನನ್ನ ವಾದ. ಬಾಂಡ್ಲಿ ಬುಗುರಿ ಥರ ಸುತ್ತಿಕೊಂಡು ಹೋಗಿ, ಹೂವಿನ ವೃತ್ತ ಚೆದುರಿಸಿ, ಕುಂಬಳಕಾಯಿಯನ್ನು ಹೊರಗೆ ಉಗುಳಿತು. ಮಕ್ಕಳು ಅದನ್ನೇ ಮೂವತ್ತು ಸಲ ಮಾಡಿದರು. ತೆಂಗಿನ ಗರಿಯ ಓಟ ಮಾತ್ರ ಫ್ಲಾಪ್. ಎಳೆಯುವವರಿಗೇ ಬೆವರು.

ಬಿಸಿಲೇರಿದ ಮೇಲೆ ಜಗುಲಿಯಲ್ಲಿ ಅಜ್ಜಿಯ ಆಟ. ರಾತ್ರಿ ನೆನೆಹಾಕಿದ್ದ ಅವರೆಕಾಳು ಒಂದು ಬೇಸಿನ್ ತುಂಬ. ಇಬ್ಬನಿ ಬಿದ್ದ ಕಾಯಿಗೇ ಸೊಗಡು ಜಾಸ್ತಿ ಅಂತ ಹುಡುಕಿ ತರಿಸಿದ್ದಂತೆ. ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಟಪ್ಪಂತ ಹಾರುತ್ತದೆ. ಒಲಿಂಪಿಕ್ಸಿನಲ್ಲಿ ಸ್ಕೀ ಮಾಡಿ ಗುರಿ ಇಟ್ಟು ಗುಂಡು ಹೊಡೆಯುವ ಆಟ ಇದೆಯಲ್ವಾ, ಅದರ ಲೆಕ್ಕಕ್ಕೆ ಇದನ್ನು ಬರೆದುಕೊಂಡೆವು. ಕಣದ ಸುತ್ತ ಒಂದು ಸುತ್ತು ಓಡಬೇಕು, ಬಂದು ಹತ್ತು ಬೇಳೆ ಚೊಂಬಿಗೆ ಹಾರಿಸಬೇಕು. ನನ್ನದು ಎರಡು ಬಿತ್ತು, ಮಗನದು ನಾಲ್ಕು. ಅಜ್ಜಿ ಓಡಲಿಲ್ಲ, ಕೂತಲ್ಲೇ ಮಾತಾಡುತ್ತಾ ಹತ್ತಕ್ಕೆ ಹತ್ತು. ಮಧ್ಯಾಹ್ನಕ್ಕೆ ಬೇಸಿನ್ ಪೂರ್ತಿ ಹಿದುಕಿ ಮುಗಿದಿತ್ತು. ನಾಲ್ಕು ಜನರ ಕೂಲಿ ಉಳಿಸಿಕೊಂಡರು ಅಂತ ಮುದ್ದೆ ಜೊತೆ ಹಿದುಕಿದ ಬೇಳೆ ಸಾರು ಉಣ್ಣುವಾಗ ನನಗೆ ಹೊಳೆಯಿತು.

ಕ್ಯಾಲೆಂಡರ್ ಹಾಳೆಯ ಲೆಕ್ಕದ ಪ್ರಕಾರ ಚಿನ್ನದ ಪದಕ ಅಜ್ಜಿಗೆ. ಪದಕ ಅಂದರೆ ದಾರಕ್ಕೆ ಪೋಣಿಸಿದ ಒಂದು ಚೆಂಡುಹೂ. ಬೇರೆ ಏನಾದರೂ ಬೇಕಾ ಅಂತ ಮೊಮ್ಮಗಳು ಕೇಳಿದಳು.

ಅಜ್ಜಿ ಸ್ವಲ್ಪ ಹೊತ್ತು ಟೆಂಟುಗಳ ಕಡೆ ನೋಡಿದರು. "ಅದ್ಯಾವುದಾದರೂ ಒಂದು ಇವತ್ತು ರಾತ್ರಿ ಖಾಲಿ ಇರುತ್ತಾ?"

ರಾತ್ರಿ ಒಂಬತ್ತಕ್ಕೆ ಕಂಬಳಿ, ಎಲೆಅಡಿಕೆ ಚೀಲ, ಟಾರ್ಚು ತಗೊಂಡು ಮೂರನೇ ಟೆಂಟಿಗೆ ಹೋದರು. ನಾವು ಬೆಂಕಿ ಮುಂದೆ ಕೂತು ನೋಡುತ್ತಿದ್ದೆವು. ಒಳಗೆ ಟಾರ್ಚು ಆ ಕಡೆ ಈ ಕಡೆ ಆಡಿತು. ಆಮೇಲೆ ದನಿ ಬಂತು: "ಲೇ, ಈ ಬಾಗಿಲಿಗೆ ಚಿಲಕ ಎಲ್ಲೋ ಇಟ್ಟಿದೀರಾ?"