ಕೊನೆಗೂ ತಿರುಚುವುದು ತಗ್ಗಿತು: 14 ಮಹಡಿಯ ಮಾಡೆಲ್, ಏಳನೇ ವಾರ

ನಿನ್ನೆ ರಾತ್ರಿ ಹನ್ನೊಂದೂವರೆಗೆ, ಗಾಳಿಯ ಬದಲು ಮಾಡೆಲನ್ನು ಪಕ್ಕಕ್ಕೆ ಎಳೆಯುವ ದಾರದ ತುದಿಗೆ 200 ಗ್ರಾಂ ತೂಕ ಕಟ್ಟಿ ಮೆಲ್ಲಗೆ ಕೈ ಬಿಟ್ಟೆ. ಮೇಲ್ಮಹಡಿ ಎಷ್ಟು ಸರಿಯಿತೆಂದು ತೋರಿಸುವ ಎರಡು ಮುಳ್ಳುಗಳಲ್ಲಿ ಪಶ್ಚಿಮದ್ದು 3 ಮಿ.ಮೀ. ಸರಿಯಿತು, ಪೂರ್ವದ್ದು 5. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಲೆಕ್ಕ. ಮೂರು ವಾರದ ಹಿಂದೆ ಇದೇ ತೂಕಕ್ಕೆ ಪಶ್ಚಿಮ 1, ಪೂರ್ವ 9 ಇತ್ತು. ಎರಡರ ಅಂತರ ಇಳಿದಷ್ಟೂ ತಿರುಚುವುದು ಕಡಿಮೆ. ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಬೆಳಗಾಗುತ್ತಲೇ ಬರೆಯಲು ಕೂತಿದ್ದೇನೆ.

ಹಿಂದಿನ ಕಂತು ಓದದವರಿಗೆ ಚುಟುಕಾಗಿ: ನಿವೇಶನ 20 × 30 ಮೀಟರ್. ಸುತ್ತ ಜಾಗ ಬಿಟ್ಟು ಉಳಿದಿದ್ದು 16 × 26. ಉದ್ದದ ಮುಖಗಳು ಉತ್ತರಕ್ಕೆ, ದಕ್ಷಿಣಕ್ಕೆ. ಮಹಡಿಗೆ 3.8 ಮೀಟರಿನಂತೆ ಒಟ್ಟು 53 ಮೀಟರ್ ಎತ್ತರದ ಆಫೀಸು ಕಟ್ಟಡ, ಮಾಡೆಲ್ 1:100, ಅಂದರೆ ನಿಜದ ಒಂದು ಮೀಟರಿಗೆ ಮಾಡೆಲ್‌ನಲ್ಲಿ ಒಂದು ಸೆಂ.ಮೀ. ಬುಡ ಕೂರಿಸಿದ್ದು, ಸ್ಲ್ಯಾಬ್ ಕತ್ತರಿಸಿದ್ದು, ಅಂಟು ಒಣಗಿಸಿದ್ದು ಎಲ್ಲ ಹಿಂದಿನ ಕಂತುಗಳಲ್ಲೇ ಇದೆ.

ತಲೆನೋವು ಶುರುವಾಗಿದ್ದು ಕೋರ್‌ನಿಂದ. ಲಿಫ್ಟು, ಮೆಟ್ಟಿಲು, ಶೌಚಾಲಯ, ಪೈಪು ಎಲ್ಲ ಸೇರಿದ ಆ ಪೆಟ್ಟಿಗೆಯನ್ನು ದೊಡ್ಡ ನಿವೇಶನದಲ್ಲಾದರೆ ನಡುವೆ ಇಟ್ಟುಬಿಡಬಹುದು. 16 ಮೀಟರ್ ಅಗಲದಲ್ಲಿ ನಡುವೆ ಇಟ್ಟರೆ ಸುತ್ತ ಉಳಿಯುವುದು ಐದೈದು ಮೀಟರಿನ ಓಣಿ. ಅಲ್ಲಿ ಮೇಜು ಹಾಕಿದರೆ ಓಡಾಡಲು ಜಾಗವಿಲ್ಲ. ಅದಕ್ಕೇ ಕೋರನ್ನು ಪೂರ್ತಿ ಪಶ್ಚಿಮದ ಗೋಡೆಗೆ ತಳ್ಳಿದ್ದೆ. ಸಂಜೆಯ ಬಿಸಿಲು ಅಡ್ಡಡ್ಡ ನುಗ್ಗುತ್ತದೆ, ಕಿಟಕಿಯ ಮೇಲೆ ಎಷ್ಟು ಚಾಚು ಕೊಟ್ಟರೂ ತಡೆಯಲಾಗದು. ಅಲ್ಲಿ ದಪ್ಪ ಗೋಡೆಯೇ ನಿಂತರೆ ಒಳಗಿನವರಿಗೆ ತಂಪು. ಉತ್ತರ ದಕ್ಷಿಣದ ಕಿಟಕಿಗಳಿಂದ ಒಳಕ್ಕೆ ಎಂಟೆಂಟು ಮೀಟರ್. ಕಿಟಕಿಯ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರಕ್ಕೆ ಬೆಳಕು ಹೋಗುತ್ತದೆ ಎಂಬ ಅಂದಾಜಿನಲ್ಲಿ, 3 ಮೀಟರ್ ಕಿಟಕಿಗೆ ನಡುವಿನ ಒಂದು ಸಣ್ಣ ಪಟ್ಟಿ ಮಾತ್ರ ಮಬ್ಬು. ಅದು ನಡೆದಾಡುವ ದಾರಿ. ಮಲೇಷ್ಯಾದ ವಾಸ್ತುಶಿಲ್ಪಿ ಕೆನ್ ಯಾಂಗ್ 1992ರಲ್ಲಿ ಕೌಲಾಲಂಪುರದ ಬಳಿ ಮುಗಿಸಿದ ಮೆನಾರಾ ಮೆಸಿನಿಯಾಗ ಗೋಪುರದಲ್ಲೂ ಕೋರ್ ಒಂದು ಬದಿಗೇ ಇದೆ. ಲಿಫ್ಟಿನ ಮುಂದಿನ ಜಾಗಕ್ಕೆ, ಮೆಟ್ಟಿಲಿಗೆ, ಶೌಚಾಲಯಕ್ಕೆ ಕೂಡ ಹೊರಗಿನ ಗಾಳಿ, ಬೆಳಕು. ನನಗೆ ಆ ಕಟ್ಟಡದ ಮೇಲೆ ಹುಚ್ಚು ಪ್ರೀತಿ.

ಆದರೆ ದಕ್ಷಿಣ ಮುಖದ ನಟ್ಟನಡುವೆ ದಾರ ಕಟ್ಟಿ ಎಳೆದ ದಿನ ಮಾಡೆಲ್ ವಾಲಲಿಲ್ಲ, ತಿರುಚಿಕೊಂಡಿತು. ಗಾಳಿಯ ಒತ್ತಡ ಬೀಳುವುದು ಮುಖದ ನಡುವೆ, ಅಂದರೆ ಪಶ್ಚಿಮದಿಂದ 13 ಮೀಟರ್ ದೂರದಲ್ಲಿ. ಹಿಡಿದು ನಿಲ್ಲಿಸುವ ಕೋರ್ ಇರುವುದು ಎರಡೂವರೆ ಮೀಟರಿನಲ್ಲಿ. ನಡುವೆ ಹತ್ತೂವರೆ ಮೀಟರಿನ ಸನ್ನೆಕೋಲು, ಅದೇ ತಿರುಚುವುದು. ಮಾಡೆಲ್ ಕೊಡುವ ಅಳತೆ ನಿಜ ಕಟ್ಟಡಕ್ಕೆ ನೇರವಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವ ತುದಿ ಹೆಚ್ಚು ಸರಿಯುತ್ತದೆ ಎನ್ನುವುದರಲ್ಲಿ ಅದು ಸುಳ್ಳು ಹೇಳುವುದಿಲ್ಲ.

ನನ್ನ ಮೊದಲ ಮದ್ದು: ಕೋರ್ ಗೋಡೆಗೆ ಇನ್ನೊಂದು ಪದರ ಅಕ್ರಿಲಿಕ್ (ಮಾಡೆಲ್ ಕಟ್ಟಿದ ಗಟ್ಟಿ ಪ್ಲಾಸ್ಟಿಕ್ ಹಾಳೆ). ಪಶ್ಚಿಮ 1ರಿಂದ ಅರ್ಧಕ್ಕೆ ಇಳಿಯಿತು. ಪೂರ್ವ 9ರಲ್ಲೇ ಕೂತಿತು! ಮತ್ತೊಂದು ಪದರ ಅಂಟಿಸಿದೆ. ಏನೂ ಆಗಲಿಲ್ಲ. ಎರಡು ವಾರ ಹೀಗೇ ಹೋಯಿತು.

ನಡುವೆ ಅಕ್ರಿಲಿಕ್ ಮಾರುವವರ ಕಥೆ ಬೇರೆ. 2 ಮಿ.ಮೀ. ಎಂದು ಕೊಟ್ಟ ಹಾಳೆಯನ್ನು ದಪ್ಪ ಅಳೆಯುವ ಕ್ಯಾಲಿಪರ್‌ನಲ್ಲಿ ಹಿಡಿದರೆ ಒಂದು ಅಂಚು 2.1, ಇನ್ನೊಂದು ಅಂಚು 1.7. ಕೇಳಿದರೆ "ಎಲ್ಲರೂ ಅದನ್ನೇ ಒಯ್ಯುತ್ತಾರೆ" ಎಂಬ ಉತ್ತರ. ಒಯ್ಯಲಿ, ನಾನು ಅದರಿಂದ ಪಿಲ್ಲರ್ ಕತ್ತರಿಸುವವಳು! ಬಾಗುವ ಲೆಕ್ಕದಲ್ಲಿ ದಪ್ಪದ ಘನ ಬರುತ್ತದೆ. 2ರ ಘನ 8, 1.7ರ ಘನ 5ಕ್ಕೂ ಕಡಿಮೆ. 0.3 ಮಿ.ಮೀ. ಕಳ್ಳತನಕ್ಕೆ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಬಿಗಿ ಹೋಯಿತು. ನನ್ನ ಪೂರ್ವದ ಸಾಲಿನ ಪಿಲ್ಲರುಗಳೆಲ್ಲ ಆ ತೆಳು ಅಂಚಿನವೇ. ಅಷ್ಟೂ ಕಿತ್ತು, ಅಳೆದು, ಹೊಸದಾಗಿ ಹಾಕಿದೆ. ಪೂರ್ವದ ಮುಳ್ಳು 9ರಿಂದ 8ಕ್ಕೆ ಬಂತು, ಅಷ್ಟೇ.

ದಾರಿ ತೋರಿಸಿದ್ದು ಮಗಳು. ತೂಕ ಬಿಡುವ ಕೆಲಸ ಅವಳದು. ಮಾಡೆಲನ್ನು ಮೇಲಿನಿಂದ ಬಗ್ಗಿ ನೋಡುತ್ತಾ, "ಅಮ್ಮಾ, ಇದು ಬಾಗಿಲಿನ ಥರ ತೆರ್ಕೊಳ್ತಾ ಇದೆ" ಅಂದಳು. ಹೌದಲ್ಲ! ಕೋರ್ ಎಂದರೆ ಕೀಲು, ಆಫೀಸಿನ ನೆಲವೆಲ್ಲ ಬಾಗಿಲು. ನಾನು ಎರಡು ವಾರದಿಂದ ಕೀಲನ್ನು ಗಟ್ಟಿ ಮಾಡುತ್ತಾ ಕೂತಿದ್ದೆ. ಬೇಕಾಗಿದ್ದದ್ದು ಆಚೆ ತುದಿಗೊಂದು ಚಿಲಕ.

ಆ ಚಿಲಕ ನಕ್ಷೆಯಲ್ಲೇ ಇತ್ತು. ಬೆಂಕಿ ಬಿದ್ದಾಗ ಇಳಿಯಲು ಎರಡು ಮೆಟ್ಟಿಲು ಬೇಕು, ಅವು ಒಂದಕ್ಕೊಂದು ದೂರ ಇರಬೇಕು. ಎರಡನೆಯದನ್ನು ನಾನು ಕೋರ್‌ನ ಇನ್ನೊಂದು ಮೂಲೆಯಲ್ಲಿ ತುರುಕಿದ್ದೆ. ಅದನ್ನು ಎತ್ತಿ ಪೂರ್ವದ ಗೋಡೆಗೆ, 7 ಮೀಟರ್ ಉದ್ದದ ಗಟ್ಟಿ ಪೆಟ್ಟಿಗೆಯಾಗಿ ನಿಲ್ಲಿಸಿದೆ. ಬೆಳಗಿನ ಅಡ್ಡ ಬಿಸಿಲಿಗೂ ಸ್ವಲ್ಪ ಮರೆಯಾಯಿತು. ಪೂರ್ವ 8ರಿಂದ 6ಕ್ಕೆ ಬಂತು, ಪಶ್ಚಿಮ ಮಾತ್ರ ಅರ್ಧದಲ್ಲೇ. ಇನ್ನೂ ತಿರುಚುತ್ತಿತ್ತು, ಯಾಕೆಂದರೆ ಪಶ್ಚಿಮದ ಗೋಡೆ 16 ಮೀಟರ್ ಉದ್ದ. ಉದ್ದಕ್ಕೂ ಘನದ ಲೆಕ್ಕವೇ: 16ರ ಘನ 4096, 7ರ ಘನ 343. ಆನೆಯ ಎದುರು ಕರು.

ಕರುವನ್ನು ಬೆಳೆಸಲು ಪೂರ್ವದಲ್ಲಿ ಜಾಗವಿಲ್ಲ. ಆನೆಯನ್ನು ಸೀಳಬೇಕಾಯಿತು. ಅಂಟಿಸಿದ ಹೆಚ್ಚುವರಿ ಪದರಗಳನ್ನೆಲ್ಲ ಕಿತ್ತೆ. ಕೋರ್‌ನ ನಡುವೆ ಬುಡದಿಂದ ತುದಿಯವರೆಗೆ 2 ಮೀಟರ್ ಸೀಳು ಬಿಟ್ಟು, ಅದನ್ನು ಏಳೇಳು ಮೀಟರಿನ ಎರಡು ಪೆಟ್ಟಿಗೆ ಮಾಡಿದೆ. ಆಗ ಪಶ್ಚಿಮಕ್ಕೆ ಎರಡು, ಪೂರ್ವಕ್ಕೆ ಒಂದು. ಹಿಡಿತದ ನಡುಬಿಂದು ಪಶ್ಚಿಮದಿಂದ ಸುಮಾರು 9.8 ಮೀಟರಿಗೆ ಸರಿಯುತ್ತದೆ. ಸನ್ನೆಕೋಲು ಹತ್ತೂವರೆಯಿಂದ ಮೂರು ಚಿಲ್ಲರೆಗೆ ಇಳಿಯುತ್ತದೆ. ಸೀಳಿದ ಜಾಗದಲ್ಲಿ ಗಾಜು ಹಾಕಿದರೆ ಲಿಫ್ಟಿನ ಮುಂದೆ ಹಗಲು ಬೆಳಕು.

ಸೀಳಿದ ಮೊದಲ ದಿನ ಮುಳ್ಳಿನ ಲೆಕ್ಕ ಬದಲಾಗಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಸೀಳಿನ ಅಡ್ಡಕ್ಕೆ ಹದಿನಾಲ್ಕೂ ಮಹಡಿಯ ಸ್ಲ್ಯಾಬ್ ಹಾದುಹೋಗಿದೆ. ಪ್ರತಿಯೊಂದೂ ಎರಡು ಪೆಟ್ಟಿಗೆಯನ್ನು ಕೈ ಕೈ ಹಿಡಿಸಿ ಮತ್ತೆ ಒಂದೇ ಗೋಡೆ ಮಾಡಿಬಿಟ್ಟಿತ್ತು. ಗರಗಸದ ಎಳೆ ತೂರಿಸಿ ಆ ತುಂಡುಗಳನ್ನು ಒಂದೊಂದಾಗಿ ಅರ್ಧ ದಪ್ಪಕ್ಕೆ ಇಳಿಸಿದೆ. ಹದಿಮೂರನೆಯದು ಇಳಿಯುವಾಗ ಮಾಡೆಲ್ ಸಣ್ಣಗೆ ಟಕ್ ಎಂದಿತು, ನನ್ನ ಎದೆಯೂ. ಏನೂ ಒಡೆದಿರಲಿಲ್ಲ. ನಿನ್ನೆ ರಾತ್ರಿಯ 3 ಮತ್ತು 5 ಆ ನಂತರದ್ದು. ಒಟ್ಟು ಓಲಾಟ ಪಶ್ಚಿಮದಲ್ಲಿ ಹೆಚ್ಚಿದೆ, ನಿಜ. ನೆಟ್ಟಗೆ ಓಲಾಡುವುದನ್ನು ಪಿಲ್ಲರು, ಬೀಮುಗಳಿಂದ ಹತೋಟಿಗೆ ತರಬಹುದು. ತಿರುಚಿದರೆ ಮೂಲೆಯ ಗಾಜುಗಳೇ ಮೊದಲು ಹೋಗುವುದು.

ಫ್ರಾಂಕ್‌ಫರ್ಟ್‌ನ ಕಾಮರ್ಜ್‌ಬ್ಯಾಂಕ್ ಗೋಪುರದ (1997) ನಕ್ಷೆಯನ್ನು ಅದರ ಎತ್ತರದ ತೋಟಗಳಿಗಾಗಿ ಎಷ್ಟೋ ಸಲ ನೋಡಿದ್ದೆ. ತ್ರಿಕೋನದ ಮೂರು ಮೂಲೆಗೂ ಕೋರ್ ಹಂಚಿದ್ದಾರೆ, ನಡುವೆ ಬೆಳಕಿನ ಬಾವಿ. ಇವತ್ತು ಬೆಳಗ್ಗೆ ಮತ್ತೆ ತೆರೆದೆ. ಈ ಸಲ ಕಣ್ಣು ಹೋಗಿದ್ದು ಬರೀ ಮೂಲೆಗಳಿಗೆ.

ತಾರಸಿಯ ಸೌರ ಫಲಕದಿಂದಲೇ ಕಟ್ಟಡ ನಡೆಯದೇ ಎಂದು ಕೇಳಿದವರಿಗೆ: 416 ಚದರ ಮೀಟರ್ ತಾರಸಿ ಪೂರ್ತಿ ಮುಚ್ಚಿದರೂ, ಚದರ ಮೀಟರಿಗೆ 200 ವ್ಯಾಟ್ ಹಿಡಿದರೆ 83 ಕಿಲೋವ್ಯಾಟ್. ಹದಿನಾಲ್ಕು ಮಹಡಿಗೆ ಹಂಚಿದರೆ ಚದರ ಮೀಟರಿಗೆ 14 ವ್ಯಾಟ್, ಅದೂ ಸುಡು ಮಧ್ಯಾಹ್ನ. ಸಿಯಾಟಲ್‌ನ ಬುಲಿಟ್ ಸೆಂಟರ್ (2013) ಆರೇ ಮಹಡಿ, ಆದರೂ ಅದರ ಫಲಕಗಳ ಚಾವಣಿ ಗೋಡೆ ದಾಟಿ ಹೊರಚಾಚಿದೆ. ಎತ್ತರದ ಕಟ್ಟಡದಲ್ಲಿ ಮೊದಲು ಖರ್ಚು ಇಳಿಸಬೇಕು, ಫಲಕ ಆಮೇಲೆ.

ಅದಕ್ಕೇ ಮುಂದಿನ ಕೆಲಸ ಆ ಸೀಳು. ಪಶ್ಚಿಮಕ್ಕೆ ಮುಖ, 53 ಮೀಟರ್ ಎತ್ತರ, ಸಂಜೆ ಬಿಸಿಲಿಗೆ ಕಾಯುವ ಗಾಜು: ಅದರ ಹೊರಪದರವೇ ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆಳೆದು ಹೊರಹಾಕುವ ಚಿಮಣಿ ಆಗಬಹುದಲ್ಲ! ಒಳಗೆ ಹತ್ತು ಡಿಗ್ರಿ ಹೆಚ್ಚಿದ್ದರೆ ಸುಮಾರು 20 ಪಾಸ್ಕಲ್ (ಒತ್ತಡದ ಅಳತೆ) ಎಳೆತ. ಅರ್ಧ ಮೀಟರಿನ ಮಾಡೆಲ್‌ನಲ್ಲಿ ಅದು 0.2, ಹೊಗೆ ಬಿಟ್ಟರೂ ಕಾಣಿಸದು. ಆದ್ದರಿಂದ ಪ್ರಯೋಗಾಲಯಗಳಲ್ಲಿ ಮಾಡುವ ಹಾಗೆ, ಮಾಡೆಲನ್ನು ನೀರಿನ ತೊಟ್ಟಿಯಲ್ಲಿ ತಲೆಕೆಳಗು ಮುಳುಗಿಸಿ ಬಣ್ಣದ ಉಪ್ಪುನೀರು ಬಿಡುತ್ತೇನೆ. ಬಿಸಿಗಾಳಿ ಮೇಲೇರುವ ಹಾಗೇ ಭಾರದ ನೀರು ಕೆಳಗಿಳಿಯುತ್ತದೆ. ಎಲ್ಲ ಮಹಡಿಗೂ ತೆರೆದ ಕೊಳವೆ ಬೆಂಕಿಯ ಹೊಗೆಗೂ ದಾರಿಯಾಗುತ್ತದೆ, ಹಾಗಾಗಿ ಪ್ರತಿ ಮಹಡಿಗೂ ತಾನಾಗಿ ಮುಚ್ಚುವ ಬಾಗಿಲು ಬೇಕು. ಅದನ್ನು ಮಾಡೆಲ್‌ನಲ್ಲಿ ಹೇಗೆ ಮಾಡುವುದೋ, ಗೊತ್ತಿದ್ದವರು ಹೇಳಿ. ತೊಟ್ಟಿ ಭಾನುವಾರ ಬರುತ್ತದೆ. ನೀಲಿ ಬಣ್ಣ ಮಗಳು ಈಗಲೇ ಕಲಸಿಟ್ಟಿದ್ದಾಳೆ.