ಬರಿಗೈ

ಇಂದು ಸಂಜೆ ಬೀದಿಯಲ್ಲಿ ಮಕ್ಕಳು ಹೊಡೆದ ಚೆಂಡನ್ನು ಬರಿಗೈಯಲ್ಲಿ ಹಿಡಿಯಲು ಹೋಗಿ ಉಂಗುರದ ಬೆರಳನ್ನು ಊದಿಸಿಕೊಂಡೆ.

ಅದನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕುಳಿತಾಗ ನೆನಪಾದವನು ಚಾರ್ಲಿ ಗೂಲ್ಡ್. 1869ರಲ್ಲಿ, ಆಟಗಾರರೆಲ್ಲರಿಗೂ ಬಹಿರಂಗವಾಗಿಯೇ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡವಾದ ಅಮೆರಿಕದ ಸಿನ್ಸಿನಾಟಿ ನಗರದ ರೆಡ್ ಸ್ಟಾಕಿಂಗ್ಸ್‌ನಲ್ಲಿ ಮೊದಲ ಬೇಸ್ (ಚೆಂಡು ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ನೆಲೆ) ಕಾಯುತ್ತಿದ್ದ ಆತ, ಆ ತಂಡದಲ್ಲಿದ್ದ ಏಕೈಕ ಸಿನ್ಸಿನಾಟಿ ಹುಡುಗ. ಕೈಗವಸು ಇನ್ನೂ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ, ಮೈದಾನದ ಮೂಲೆಮೂಲೆಯಿಂದ ಬೀಸಿ ಎಸೆದ ಗಟ್ಟಿ ಚೆಂಡುಗಳು ದಿನವಿಡೀ ಬಂದು ಬಡಿಯುತ್ತಿದ್ದುದು ಮೊದಲ ಬೇಸಿನವನ ಅಂಗೈಗೇ. ಅವುಗಳನ್ನು ಬಿಡದೆ ಹಿಡಿಯುತ್ತಿದ್ದ ಗೂಲ್ಡ್‌ಗೆ ಜನರಿಟ್ಟ ಅಡ್ಡಹೆಸರು ‘ಬುಷೆಲ್ ಬಾಸ್ಕೆಟ್’, ಅಂದರೆ ಧಾನ್ಯ ಅಳೆಯುವ ದೊಡ್ಡ ಬುಟ್ಟಿ. ನಮ್ಮಲ್ಲಾದರೆ ‘ಮೊರದಗಲದ ಕೈ’ ಎನ್ನುತ್ತಿದ್ದೆವೇನೋ.

ಆ ಋತುವಿಗೆ ಆತನ ಸಂಬಳ 800 ಡಾಲರ್. ಆ ವರ್ಷ ತಂಡ ಒಂದೂ ಪಂದ್ಯವನ್ನು ಸೋಲಲಿಲ್ಲ.

ಏಳು ವರ್ಷಗಳ ನಂತರ, 1876ರಲ್ಲಿ ವೃತ್ತಿಪರ ಬೇಸ್‌ಬಾಲ್ ತಂಡಗಳ ನ್ಯಾಷನಲ್ ಲೀಗ್ ಆರಂಭವಾದಾಗ, ಅದೇ ಊರಿನ ಹೊಸ ತಂಡಕ್ಕೆ ಆತನೇ ಆಟಗಾರನೂ ಮ್ಯಾನೇಜರನೂ ಆದ. ಗೆದ್ದದ್ದು 9, ಸೋತದ್ದು 56.

ನಾನು ಹಿಡಿಯಲು ಹೋದದ್ದು ಬರೀ ಟೆನಿಸ್ ಚೆಂಡು. ಅದನ್ನೂ ಕೈಬಿಟ್ಟೆ ಎಂಬುದನ್ನು ಮಕ್ಕಳು ಇನ್ನೂ ಮರೆತಿಲ್ಲ.